ಎರಡು ಮುಖ, ಒಂದು ಪೊಟ್ಟಣ ಬೀಜದ ಪುಡಿ

ಮಿಡಿಗೇಶಿ ಕಡೆಯ ನಮ್ಮ ಮನೆಯಲ್ಲಿ ಆಗ ವಯಸ್ಸಿಗೆ ಬಂದ ಇಬ್ಬರು ಹುಡುಗಿಯರಿದ್ದರು. ಒಬ್ಬಳು ನನ್ನ ಮಗಳು, ಇನ್ನೊಬ್ಬಳು ವಾರಗಿತ್ತಿಯ ಮಗಳು. ಇಬ್ಬರಿಗೂ ಒಟ್ಟಿಗೇ ಮುಖದ ತುಂಬ ಮೊಡವೆ ಎದ್ದವು. ಕೆಂಪಗೆ, ಕೀವು ತುಂಬಿಕೊಂಡು, ನೋಡಿದವರು ಅಯ್ಯೋ ಅನ್ನುವಂಥವು. ನಾನು ಅನ್ನಲಿಲ್ಲ. ವಯಸ್ಸಿಗೆ ಬಂದದ್ದು, ಹೋಗುತ್ತದೆ ಎಂದುಕೊಂಡಿದ್ದೆ. ನನಗೆ ಭಯ ಹತ್ತಿಸಿದ್ದು ಅತ್ತೆ.

ಅತ್ತೆ ಹಿಂದೊಮ್ಮೆ ಮಾವನ ಬೆನ್ನಿನ ಮೇಲಿನ ಕುರುವಿಗೆ ಸುಣ್ಣ ಮತ್ತು ಬಟ್ಟೆ ಸೋಪು ಕಲಸಿ ಮೆತ್ತಿದ್ದರು. ಕುರು ಒಡೆದು ವಾಸಿಯಾಯಿತು. ಆ ಜಾಗದಲ್ಲಿ ಅಂಗೈಯಗಲ ಕಲೆ ಉಳಿಯಿತು. ಗಂಡಸಿನ ಬೆನ್ನು, ಯಾರು ನೋಡುತ್ತಾರೆ? ಅಲ್ಲಿಂದ ಮುಂದೆ ಅವರಿಗೆ ಎಲ್ಲದಕ್ಕೂ ಸುಣ್ಣವೇ ಔಷಧಿ.

"ಒಂದ್ಸಲ ಮೆತ್ಬುಟ್ರೆ ಎಲ್ಲಾ ಸುಟ್ಟೋಗ್ತವೆ. ಈ ಹುಡುಗೀರಿಗೆ ನಾನೇ ಹಾಕ್ಬುಡ್ತೀನಿ" ಎಂದರು.

"ಮುಖ ಕಣತ್ತೆ ಅದು. ಬೆನ್ನಲ್ಲ."

"ನಿನ್ನ ಕೇಳ್ದೋರ್ಯಾರು?"

ಅವರ ಮಾತಿಗೆ ಎದುರಾಡುವವರು ಆ ಮನೆಯಲ್ಲಿ ಇರಲಿಲ್ಲ. ಗಂಡಸರು ಇಂಥದ್ದಕ್ಕೆ ತಲೆ ಹಾಕುತ್ತಿರಲಿಲ್ಲ.

ಅದೇ ವಾರ ನನ್ನ ಗಂಡ ಶಿರಾ ಸಂತೆಗೆ ಹೊರಟಾಗ ಹಠ ಹಿಡಿದು ನಾನೂ ಹೋದೆ. ಅಲ್ಲಿ ನಾರುಬೇರಿನ ಅಂಗಡಿ ಇಟ್ಟಿದ್ದ ಸಾಬರು ಅಗಸೆ ಬೀಜ, ಕುಂಬಳ ಬೀಜ ಹುರಿದು ಕುಟ್ಟಿದ ಪುಡಿ ಕೊಟ್ಟರು.

"ಮುಖಕ್ಕೆ ಹಚ್ಬೇಡಿ ಅಮ್ಮಾ. ಊಟದ ಜೊತೆ ತಿನ್ಸಿ. ಒಂದು ಮಹೀನಾ, ಒಂದು ತಿಂಗ್ಳು ನೋಡಿ."

"ಹೋಗ್ತದೆ ಅಂತ ಗ್ಯಾರಂಟಿನಾ?"

"ಗ್ಯಾರಂಟಿ ಕೊಡೋಕೆ ನಾನ್ಯಾರು? ಕೆಲವ್ರಿಗೆ ಹೋಗ್ತದೆ."

ಹೋಗೇ ಹೋಗ್ತದೆ ಎಂದಿದ್ದರೆ ನಾನು ಕೊಳ್ಳುತ್ತಿರಲಿಲ್ಲ.

ಇಬ್ಬರಿಗೂ ತಿನ್ನಿಸಿ ಇಬ್ಬರಿಗೂ ವಾಸಿಯಾದರೆ, ತಾನಾಗೇ ಹೋಯ್ತು ಎಂದು ಅತ್ತೆ ಹೇಳುವುದು ಖಂಡಿತ. ಆ ವರ್ಷ ನನ್ನ ಮೈದುನ ರಾಗಿ ಹೊಲವನ್ನು ಅರ್ಧ ಮಾಡಿ, ಒಂದು ಭಾಗಕ್ಕೆ ಸರ್ಕಾರಿ ಗೊಬ್ಬರ, ಇನ್ನೊಂದಕ್ಕೆ ತಿಪ್ಪೆ ಗೊಬ್ಬರ ಹಾಕಿ, ಯಾವುದು ಮೇಲು ನೋಡುತ್ತೇನೆ ಎಂದು ಕೂತಿದ್ದ. ನಾನೂ ಹಾಗೇ ಮಾಡುತ್ತೇನೆ ಎಂದೆ. ಒಬ್ಬಳು ತಿನ್ನಲಿ, ಒಬ್ಬಳು ಬಿಡಲಿ.

ಅತ್ತೆ ಒಪ್ಪಿದರು, ಆದರೆ ಷರತ್ತು ಹಾಕಿ. "ಅಮಾಸೆ ಗಂಟ ಸುಮ್ಕಿರ್ತೀನಿ. ಆವತ್ತು ತಿಂದೋಳ ಮುಖ ತಿನ್ದೇ ಇದ್ದೋಳ ಮುಖಕ್ಕಿಂತ ಚೆಂದಾಗಿರ್ಬೇಕು. ಇಲ್ದಿದ್ರೆ ಇಬ್ರಿಗೂ ಸುಣ್ಣ."

ಯಾರು ತಿನ್ನಬೇಕು ಎಂಬುದಕ್ಕೇ ವಾರಗಿತ್ತಿ ಜಗಳ ತೆಗೆದಳು.

"ಏನು ಬೀಜವೋ ಏನೋ, ನನ್ನ ಮಗಳಿಗೆ ಬ್ಯಾಡ."

"ಸರಿ, ನನ್ನ ಮಗಳೇ ತಿನ್ಲಿ."

"ಓಹೋ, ನಿನ್ನ ಮಗಳು ಸರ್ಕಾರಿ ಗೊಬ್ಬರ, ನನ್ನ ಮಗಳು ತಿಪ್ಪೇನಾ?"

"ಅಂಗಾರೆ ನಿನ್ನ ಮಗಳಿಗೇ ಕೊಡು."

"ನಿನ್ನ ಮಗಳಿಗೆ ತಿನ್ಸೋಕೆ ಭಯನಾ ಅಕ್ಕ?"

ಕೊನೆಗೆ ನನ್ನ ಮಗಳೇ ಎಂದಾಯಿತು. ದಿನವೂ ಅವಳ ತಟ್ಟೆಗೆ ಮುದ್ದೆಯ ಪಕ್ಕ ಒಂದು ಚಮಚ ಪುಡಿ ಹಾಕುತ್ತಿದ್ದೆ. ಮೊದಮೊದಲು ಮೊಡವೆ ಹೆಚ್ಚೇ ಆದವು. ಬೀಜ ಉಷ್ಣ, ಉಷ್ಣದ ಮೇಲೆ ಉಷ್ಣ ತುರುಕಿದೀಯಾ ಎಂದು ಅತ್ತೆ ಬೈದರು. ನನಗೂ ಹಾಗೇ ಅನ್ನಿಸಿತು, ಆದರೂ ಪುಡಿ ಹಾಕುವುದು ಬಿಡಲಿಲ್ಲ. ಆಮೇಲೆ ಒಂದೊಂದೇ ಒಣಗತೊಡಗಿದವು. ಆದರೆ ವಾರಗಿತ್ತಿಯ ಮಗಳ ಮುಖವೂ ಒಣಗುತ್ತಿತ್ತು! ಮನೆಯ ಹುಡುಗಿಯ ಮುಖ ತಿಳಿಯಾದರೆ ಯಾರಾದರೂ ಸಂತೋಷಪಡಬೇಕು. ನಾನು ದಿನವೂ ಅವಳ ಮುಖದಲ್ಲಿ ಎಷ್ಟು ಮೊಡವೆ ಉಳಿದಿವೆ ಎಂದು ಎಣಿಸುತ್ತಿದ್ದೆ. ಇಬ್ಬರೂ ಸಮನಾದರೆ ಇಬ್ಬರಿಗೂ ಸುಣ್ಣ.

ಅಮಾವಾಸ್ಯೆಯ ಬೆಳಗ್ಗೆ ಅತ್ತೆ ತೆಂಗಿನ ಚಿಪ್ಪಿನಲ್ಲಿ ಸುಣ್ಣ, ಸೋಪು ಕಲಸಿಟ್ಟುಕೊಂಡೇ ಅಂಗಳಕ್ಕೆ ಬಂದರು. ಇಬ್ಬರನ್ನೂ ಬಿಸಿಲಿಗೆ ನಿಲ್ಲಿಸಿ ಗಲ್ಲ ಹಿಡಿದು ತಿರುಗಿಸಿ ನೋಡಿದರು. ಇಬ್ಬರ ಮುಖದಲ್ಲೂ ಅರ್ಧ ಹೋಗಿದ್ದವು, ಅರ್ಧ ಇದ್ದವು.

"ಎಲ್ಲವ್ವಾ ನಿನ್ನ ಬೀಜದ ಹೆಚ್ಗಾರಿಕೆ? ಕೂತ್ಕೊಳ್ರೇ ಇಬ್ರೂವೆ."

ವಾರಗಿತ್ತಿಯ ಮಗಳು ಅಳತೊಡಗಿದಳು. "ಅಜ್ಜೀ, ನಾನೂ ತಿಂದಿದೀನಿ. ದಿನಾ ಜಗಲಿ ಮ್ಯಾಲೆ ಉಣ್ಣುವಾಗ ಅರ್ಧ ಪುಡಿ ಇವ್ಳು ನಂಗೆ ಕೊಡ್ತಿದ್ಲು."

ನನ್ನ ಮಗಳು ತಲೆ ತಗ್ಗಿಸಿದಳು. "ಒಬ್ಳೇ ತಿನ್ನೋಕೆ ಒಂಥರಾ ಆಗ್ತಿತ್ತು ಕಣವ್ವ."

"ಸುಳ್ಳು! ಸುಣ್ಣಕ್ಕೆ ಹೆದ್ರಿ ಬೊಗಳ್ತಾವೆ" ಎಂದು ಅತ್ತೆ ನನ್ನ ಮಗಳ ಗಲ್ಲ ಹಿಡಿದೇ ಬಿಟ್ಟರು.

ನಾನು ಚಿಪ್ಪು ಕಿತ್ತುಕೊಂಡು ಒಂದು ಬೆರಳಷ್ಟು ಸುಣ್ಣ ತೆಗೆದು ನನ್ನ ಎಡ ಮೊಳಕೈ ಒಳಗಡೆ ದಪ್ಪಗೆ ಮೆತ್ತಿಕೊಂಡೆ.

"ನನ್ನ ಬೀಜ ಪರೀಕ್ಷೆ ಮಾಡಿದ್ರಿ. ನಿಮ್ ಸುಣ್ಣಾನೂ ನೋಡಾಣ. ನಂಗೆ ಏನೂ ಆಗ್ದಿದ್ರೆ ನೀವೇ ಹಚ್ಚಿ, ನಾನೇ ತಲೆ ಹಿಡ್ಕೊಂತೀನಿ."

ತ್ಯಾಗ ಗೀಗ ಏನಿಲ್ಲ, ಸಿಟ್ಟು ಅಷ್ಟೇ. ಮೊದಲು ಕಡಿತ, ಆಮೇಲೆ ಉರಿ, ಆಮೇಲೆ ಕೆಂಡ ಇಟ್ಟ ಹಾಗೆ. ಹಲ್ಲು ಕಚ್ಚಿಕೊಂಡು ಕೂತೆ. ತಡೆಯಲಾಗದೆ ನೀರು ಹುಯ್ದುಕೊಂಡಾಗ ಸುಣ್ಣದ ಜೊತೆ ಚರ್ಮವೂ ಬಂತು. ಕೈಯನ್ನು ಅತ್ತೆಯ ಮುಂದೆ ಹಿಡಿದೆ.

ಅವರು ನೋಡಿದರು. ಹುಡುಗಿಯರ ಮುಖ ನೋಡಿದರು. ಚಿಪ್ಪನ್ನು ಎತ್ತಿ ತಿಪ್ಪೆಗೆ ಎಸೆದು, "ಹಠಮಾರಿ ಮುಂಡೇದು" ಎಂದು ಒಳಗೆ ಹೋದರು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ವಾರಗಿತ್ತಿ ಕೊಬ್ಬರಿ ಎಣ್ಣೆ ತಂದು ಕೈಗೆ ಸವರಿದಳು. ಸವರುತ್ತಲೇ ಬೈದಳು. "ಈ ಕೈಲಿ ಮುದ್ದೆ ತಿರುವ್ತೀಯಾ? ಇನ್ನು ಎಲ್ಲಾ ನನ್ ತಲೆಗೆ." ಮುಂದಿನ ಸಂತೆಗೆ ನನ್ನ ಗಂಡ ಹೊರಟಾಗ ಬಾಗಿಲ ಹಿಂದೆ ನಿಂತು, "ಭಾವ, ಆ ಪುಡಿ ಎರಡು ಪೊಟ್ಟಣ ತನ್ನಿ" ಎಂದವಳೂ ಅವಳೇ.

ಇಬ್ಬರೂ ತಿಂದರು, ಬರುಬರುತ್ತಾ ಇಬ್ಬರ ಮುಖವೂ ತಿಳಿಯಾಯಿತು. ಅದು ಬೀಜದಿಂದಲೋ ವಯಸ್ಸಿನಿಂದಲೋ ಎಂದು ಮೊಮ್ಮಕ್ಕಳು ಈಗ ಕೇಳುತ್ತಾರೆ. ತಿನ್ನದೆ ಉಳಿದವಳು ಒಬ್ಬಳೂ ಇರಲಿಲ್ಲವಲ್ಲ, ನಾನು ಏನೆಂದು ಹೇಳಲಿ?