ಅತ್ತೆ ತಂದ ಮಿಕ್ಸರ್

ನಮ್ಮ ಮಿಕ್ಸರ್ ಸುಟ್ಟುಹೋದ ಸುದ್ದಿ ಕೇಳಿ, ಅತ್ತೆ ತಮ್ಮದನ್ನೇ ಚೀಲದಲ್ಲಿ ಹಾಕಿಕೊಂಡು ಹಾವೇರಿಯಿಂದ ಬ್ಯಾಡಗಿಗೆ ಬಂದರು.

"ಅಳ್ಯಾರ, ನಾ ಒಬ್ಬಾಕಿ, ನನಗ್ಯಾಕ ಇದು? ಇಟ್ಕೊಳ್ರಿ."

ಐದನೇ ಇಯತ್ತೆಗೆ ಶಾಲೆ ಬಿಟ್ಟು, ಮೆಣಸಿನಕಾಯಿ ಚೀಲ ಹೊತ್ತು ಮನೆ ಕಟ್ಟಿದವನು ನಾನು.

"ಹೆಂಡತಿ ತವರಮನಿ ಸಾಮಾನು ನಮ್ಮ ಮನ್ಯಾಗ ಬ್ಯಾಡ್ರಿ," ಎಂದು ಚೀಲವನ್ನು ಅವರ ಕೈಗೇ ಮರಳಿಸಿದೆ.

ಮರುದಿನ ರಾಣೆಬೆನ್ನೂರಿನಿಂದ ಅಗ್ಗದ ಹಳೆಯ ಮಿಕ್ಸರ್ ತಂದೆ.

"ನಮ್ಮವ್ವಂದು ಬ್ಯಾಡ, ಯಾರದೋ ಹಳೇದು ನಡೀತೈತಿ ನಿಮಗ!" ಎಂದಳು ಹೆಂಡತಿ.

ವಾರದೊಳಗೆ, ಒಣಮೆಣಸಿನಕಾಯಿ ಹಾಕಿದ ದಿನ, ಅದೂ ಹೊಗೆಯಾಡಿ ನಿಂತಿತು. ಅತ್ತೆಗೆ ಹೇಳಿಕಳಿಸಲು ನನಗೆ ಬಾಯಿ ಬರಲಿಲ್ಲ. ತೀರಿಕೊಳ್ಳುವವರೆಗೂ ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ದಿನವೆಲ್ಲ ಭಾರ ಹೊರುವ ನಾನು, ಅಂದು ಅವರು ಮರಳಿ ಹೊರಟಾಗ ಬಸ್ ನಿಲ್ದಾಣದವರೆಗೂ ಆ ಮಿಕ್ಸರ್ ಚೀಲವನ್ನು ಅವರಿಂದಲೇ ಹೊರಿಸಿದ್ದೆ.