ಗೌಡರ ನಾಯಿ ತೋರಿಸಿದ ದಾರಿ

ಅಡವಿಯಲ್ಲಿ ಕರಡಿ ಕಾಟ ಅಂತ, ಊರಗೌಡರಾದ ನನ್ನ ಮಾವ ತಮ್ಮ ನಾಯಿಯನ್ನು ನನ್ನ ಜೊತೆ ಕಳಿಸಿದರು. ನಾನು ಖಾನಾಪುರಕ್ಕೆ ನಡೆದು ಬೆಳಗಾವಿ ರೈಲು ಹಿಡಿಯಬೇಕಿತ್ತು. ಹೊಸ ನೌಕರಿ, ತಡವಾದರೆ ಹೋಯಿತು.

ನಡುವಿನ ಹಳ್ಳಿಯ ಸಾರಾಯಿ ಅಂಗಡಿ ಮುಂದೆ ನಾಯಿ ನನಗೇ ಅಡ್ಡ ನಿಂತು ಹಲ್ಲು ತೋರಿಸಿತು. ಎಡಕ್ಕೆ ಸರಿದರೂ ಗುರ್, ಬಲಕ್ಕೆ ಸರಿದರೂ ಗುರ್.

“ಕುಂದರ್ರಿ ಸಾಹೇಬ್ರ,” ಅಂದ ಅಂಗಡಿಯವ. “ಗೌಡ್ರು ದಿನಾ ಇಲ್ಲೆ ಕುಂತ ಹೋಗ್ತಾರ. ಕುಂದರಲಾರದ ಅದು ಬಿಡಂಗಿಲ್ಲ.”

ಮನೆಯಲ್ಲಿ ಸಾರಾಯಿ ಅನ್ನುವ ಶಬ್ದವನ್ನೂ ಆಡಗೊಡದ ನನ್ನ ಮಾವ!

ಕುಳಿತು ಸೋಡಾ ಕುಡಿದೆ. ಅಂಗಡಿಯವ ತನಗೆ ಹಾಕಿದ ಭಜಿ ತಿಂದ ಮೇಲೆಯೇ ನಾಯಿ ದಾರಿ ಬಿಟ್ಟಿತು. ಮುಂದಿನ ಹಳ್ಳಿಯ ಅಂಗಡಿಯಲ್ಲೂ ಅದೇ ಕಥೆ. ರೈಲು ತಪ್ಪಿತು.

ಹಬ್ಬಕ್ಕೆ ಹೋದಾಗ ಅತ್ತೆಯ ಎದುರೇ ಮಾವ ಕೇಳಿದರು, “ನಾಯಿ ದಾರಿ ಬರೋಬ್ಬರಿ ತೋರಿಸ್ತೇನ್ರಿ?”

“ಎಲ್ಲಾ ತೋರಿಸ್ತ್ರೀ,” ಅಂದೆ.

ಆಮೇಲೆ ನಾನು ಹೊರಟಾಗೆಲ್ಲ ನಾಯಿಯನ್ನು ಕಟ್ಟಿಹಾಕಿರುತ್ತಿದ್ದರು. ಕರಡಿ ಕಾಟವೂ ಒಮ್ಮೆಲೇ ನಿಂತುಹೋಯಿತು.