ಜರಾ ಅಂದರೆ ಎಷ್ಟು

ಹುಮನಾಬಾದಿನಲ್ಲಿ ಅಣ್ಣನೂ ನಾನೂ ಒಂದು ಹಳೆಯ ಮನೆ ಕೊಂಡು, ರಿಪೇರಿ ಮಾಡಿ ಮಾರಲು ಹೊರಟಿದ್ದೆವು. ಗುತ್ತೇದಾರರ ಕೈಕೆಳಗೇ ಗೋಡೆ ಕಟ್ಟುತ್ತ ಬಂದ ಅಣ್ಣ, ಇದೊಂದು ಮನೆ ಮಾರಿದರೆ ಮತ್ತೆ ಯಾರ ಮುಂದೂ "ನಾಳಿ ಕೆಲಸ ಅದೇನ್ರಿ" ಎಂದು ನಿಲ್ಲಬೇಕಿರಲಿಲ್ಲ. ನನ್ನ ಪಾಲಿಗೆ ಸಿಮೆಂಟು ಕಲಸುವುದು. ಉಳಿದ ಹೊತ್ತು ಕಂಡವರ ದನಿ ಕದ್ದು ನಗಿಸುವುದು. ಎರಡನೆಯದನ್ನು ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ.

ಕೊಳ್ಳಲು ಒಪ್ಪಿದವರು ಯಾವುದೋ ಕಚೇರಿಯ ಸಾಹೇಬರು. ಬಹಳ ಮೆತ್ತಗಿನ ಮನುಷ್ಯ. ಒಮ್ಮೆ ಕೆಮ್ಮಿ, 'ಜರಾ' ಎಂದೇ ಮಾತು ಶುರು, ಸ್ವಲ್ಪವೇ ಕೇಳುತ್ತಿರುವವರ ಹಾಗೆ.

"ಜರಾ ಈ ಫರ್ಶಿ ಕಿತ್ತು ಟೈಲ್ಸ್ ಹಾಕ್ಸರಿ."

ಬಸವಕಲ್ಯಾಣಕ್ಕೆ ಹೋಗಿ ಟೈಲ್ಸ್ ತಂದೆವು.

"ಜರಾ ಅಡಗಿಮನಿ ಕಟ್ಟಿ ಮ್ಯಾಲ ಕರೀ ಗ್ರಾನೈಟ್ ಇರ್ಲಿ."

"ಜರಾ ಈ ಗ್ವಾಡಿ ಆ ಕಡೀ ಸರಸ್ರಿ."

ಗೋಡೆಯೇನು ಎಮ್ಮೆಯೇ, ಹೋಯ್ ಎಂದರೆ ಸರಿಯಲು? ಅಣ್ಣ ಮಾತ್ರ ಎಲ್ಲಕ್ಕೂ "ಆಗ್ತದ್ರಿ ಸಾಹೇಬ್ರ." ಊಟಕ್ಕೆ ಕೂತಾಗ ನಾನು ಕೆಮ್ಮಿ, "ಜರಾ ಕಲ್ಯಾಣದ ಕಿಲ್ಲಾ ತಂದು ಹಿತ್ತಲದಾಗ ಇಡ್ರಿ" ಎಂದೆ. ಅಣ್ಣನಿಗೆ ರೊಟ್ಟಿ ನೆತ್ತಿಗೇರಿತು. "ಹಲ್ಕಟ್, ಅವ್ರು ಕೇಳಿದ್ರ ನಿನ್ನೇ ಕೆಡವಿ ಕಟ್ಟಸ್ತಾರ."

ಕೆಲಸ ಮುಗಿದ ದಿನ ಸಾಹೇಬರು ಬಂದು, ಹೊಸ ನಳ ತಿರುವಿ, ಬೊಗಸೆಯಲ್ಲಿ ಕುಡಿದು, "ನೀರು ಸಿಹಿ ಅದ" ಎಂದರು. ಹೊರಡುವಾಗ ಕೇಳಿದರು: "ನಿಮ್ದು ಯಾವೂರು?"

"ಮೋರಖಂಡಿ ರಿ."

"ಊರಾಗ ಯಾ ಕಡೀ ಮನಿ?"

ನಮ್ಮ ಕಡೆ ಈ ಎರಡನೆಯ ಪ್ರಶ್ನೆ ಕೇಳುವವರಿಗೆ ಮನೆಯ ದಾರಿ ಬೇಕಿರುವುದಿಲ್ಲ, ಜಾತಿ ಬೇಕಿರುತ್ತದೆ. ಅಣ್ಣನಿಗೆ ಅದು ಗೊತ್ತು. ಆದರೂ ನೆಟ್ಟಗೆ ಹೇಳಿದ: "ಬುದ್ಧ ವಿಹಾರದ ಬಾಜೂಕ ರಿ."

ಸಾಹೇಬರು ಕೈ ಒರೆಸಿಕೊಂಡರು.

ಮರುದಿನ ಫೋನು ಬಂತು. "ಮನಿ ಪಸಂದ್ ಅದ. ಜರಾ ಛತ್ತಿನ ಮ್ಯಾಲಿನ ನೀರಿನ ಟಾಕಿ ತೆಗೀರಿ. ನಳಾನೂ. ಹೊಸಾವು ನಾನೇ ಕೂಡಸ್ತೀನಿ, ನಮ್ಮ ಮಂದಿ ಬರ್ತಾರ."

"ಟಾಕಿ ಹೊಸಾದೇ ಅದಲ್ರಿ."

"ಗೊತ್ತದ. ನಂದೇನಿಲ್ಲ, ಮನ್ಯಾಗ ಹೆಣ್ಮಕ್ಳು ಒಪ್ಪಂಗಿಲ್ಲ."

ಗೋಡೆ, ಛತ್ತು, ನೆಲ ಎಲ್ಲ ನಮ್ಮ ಕೈಯವೇ. ಅವನ್ನು ಬದಲಿಸುವುದು ದುಬಾರಿ. ಹಾಗಾಗಿ ಅವು ಶುದ್ಧ.

"ಬಿಡಣ್ಣ, ಬ್ಯಾರೆ ಗಿರಾಕಿ ನೋಡಾಮು" ಎಂದೆ.

"ಅಂವಾ ಓಣಿ ಕೇಳಂಗಿಲ್ಲೇನು?" ಎಂದು ನನಗೆ ಹೇಳಿ, ಅಣ್ಣ ಫೋನಿಗೆ "ಆಗ್ತದ್ರಿ" ಎಂದ.

ಟಾಕಿಯನ್ನು ಊರಿಗೆ ಒಯ್ದೆವು. ಅವ್ವ ಅದರ ಸುತ್ತ ತಿರುಗಿ, ಬಡಿದು ನೋಡಿದಳು. "ಇಷ್ಟು ಛಲೋದು ಯಾಕ ಬ್ಯಾಡಂದ್ರು?"

ಅಣ್ಣ ನನ್ನತ್ತ ತಿರುಗಿ, ದನಿ ತಗ್ಗಿಸಿದ. "ನೀನೇ ಹೇಳು. ಅವ್ರ ದನೀಲೇ ಹೇಳು."

ಅಷ್ಟರಲ್ಲಿ ಬೆನ್ನು ತಿರುಗಿಸಿ ಟಾಕಿಯ ಬುಡ ನೋಡುತ್ತ ಕೂತಿದ್ದ ಅವ್ವನ ಹಿಂದೆ ನಿಂತು, ಒಮ್ಮೆ ಕೆಮ್ಮಿ, "ಜರಾ..." ಎಂದೆ.

ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಅವ್ವ ತಟ್ಟನೆ ತಲೆಗೆ ಸೆರಗೆಳೆದುಕೊಂಡು ಎದ್ದು ನಿಂತಳು.